ಗರಗಸದ ಬೆಲೆ, ಬೆರಳಿನ ಬೆಲೆ



ಈ ಬಾರಿಯ ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಮರ ಕೊಯ್ಯುವ ಯಂತ್ರ! ಮಹಿಳೆಯರು ಓದುವ ಪುಟದಲ್ಲಿ ಗರಗಸಕ್ಕೇನು ಕೆಲಸ ಎಂದು ಕೇಳಬೇಡಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಎಷ್ಟೋ ಮನೆಗಳಲ್ಲಿ ಅಕ್ಕಿ, ಮಕ್ಕಳ ಫೀಸು, ಉಮ್ಮನ ಮದ್ದು ಎಲ್ಲವೂ ಆ ಯಂತ್ರದ ದುಡಿಮೆಯಿಂದಲೇ ಬರುತ್ತದೆ. ಅದರ ಹಲ್ಲು ಕೈಗೆ ತಾಗಿದರೆ ಆ ಗಾಯವನ್ನು ತೊಳೆದು, ತುತ್ತು ಕಲಸಿ ಕೊಟ್ಟು, ಅಂಗಿಯ ಗುಂಡಿ ಹಾಕುವವಳು ಮನೆಯಾಕೆಯೇ. ಹೀಗಿರುವಾಗ ಆ ಯಂತ್ರವನ್ನು ರಿಪೇರಿ ಮಾಡಬೇಕೇ, ಬದಲಿಸಬೇಕೇ ಎಂಬ ಚರ್ಚೆ ನಡೆಯುವಾಗ ಆಕೆ ಚಹಾ ಕೊಟ್ಟು ಒಳಗೆ ಹೋಗಬೇಕೆಂದು ಹೇಳಿದವರು ಯಾರು?

ಕಳೆದ ಮಳೆಗಾಲದ ಒಂದು ಸಂಜೆ. ಬಿ.ಸಿ.ರೋಡಿನ ಹತ್ತಿರವಿರುವ ತಮ್ಮನ ಮನೆಗೆ ಹೋಗಿದ್ದೆ. ಮಗ್ರಿಬ್ ನಮಾಝ್ ಮುಗಿಸಿ ಎದ್ದಾಗ ತಮ್ಮನ ಹೆಂಡತಿ ನನ್ನನ್ನು ಮೆಲ್ಲನೆ ಅಡುಗೆ ಕೋಣೆಗೆ ಕರೆದಳು.

"ಅಕ್ಕಾ, ಇವರ ಹೊಟ್ಟೆಯ ಮೇಲೆ ಅಂಗೈ ಅಗಲದ ನೀಲಿ ಕಲೆಯಿದೆ. ಬೈಕಿನಿಂದ ಬಿದ್ದೆ ಎನ್ನುತ್ತಾರೆ. ಬೈಕಿಗೆ ಒಂದು ಗೀರೂ ಇಲ್ಲ."

ನಿಜ ಹೊರಬಿದ್ದದ್ದು ತಮ್ಮನ ಜೊತೆ ಕೆಲಸ ಮಾಡುವ ಹುಡುಗನಿಂದ. ದಾರಂದಕ್ಕಾಗಿ ಹೆಬ್ಬಲಸಿನ ಹಲಗೆಯನ್ನು ಸೀಳುತ್ತಿದ್ದಾಗ, ಅರ್ಧ ಕೊಯ್ದ ತುಂಡು ಬ್ಲೇಡಿಗೆ ಸಿಕ್ಕಿಕೊಂಡು ಗುಂಡಿನಂತೆ ಹಿಂದಕ್ಕೆ ಹಾರಿ ಅವನ ಹೊಟ್ಟೆಗೆ ಬಡಿದಿತ್ತು. ನಾಲ್ಕು ಇಂಚು ಕೆಳಗೆ ಅಥವಾ ಮೇಲೆ ಬಡಿದಿದ್ದರೆ ಏನಾಗುತ್ತಿತ್ತೋ ಅಲ್ಲಾಹನೇ ಬಲ್ಲ.

ಆ ಯಂತ್ರ ನಮ್ಮ ತಂದೆಯವರ ಕಾಲದ್ದು. ಒಂದು ಮರದ ಮಿಲ್ಲಿನಿಂದ ಅವರು ಅದನ್ನು ಹಳೆಯದಾಗಿಯೇ ಖರೀದಿಸಿದ್ದರು. ಕಬ್ಬಿಣದ ಚೌಕಟ್ಟು, ಮೇಲೆ ಮೇಜು, ಕೆಳಗೆ 3 ಎಚ್.ಪಿ. ಮೋಟಾರು. ಬೆಲ್ಟು ಒಂದು ಶಾಫ್ಟನ್ನು ತಿರುಗಿಸುತ್ತದೆ. ಆ ಶಾಫ್ಟಿನ ಒಂದು ತುದಿಯಲ್ಲಿ 12 ಇಂಚಿನ ಗರಗಸದ ಬ್ಲೇಡು, ನಡುವೆ ಮರ ನುಣುಪು ಮಾಡುವ ಪ್ಲೇನರಿನ ಅಲಗುಗಳು. ನಮ್ಮ ಕಡೆಯ ಸಣ್ಣ ವರ್ಕ್‌ಶಾಪ್‌ಗಳಲ್ಲಿ ನೀವು ಇಂಥದ್ದನ್ನು ನೋಡಿಯೇ ಇರುತ್ತೀರಿ. ಬ್ಲೇಡಿನ ಮೇಲೆ ಮುಚ್ಚಳವಿಲ್ಲ. ಬ್ಲೇಡಿನ ಹಿಂದೆ ಯಾವ ತಡೆಯೂ ಇಲ್ಲ. ಗೋಡೆಯಲ್ಲಿ ಫ್ಯಾನಿನ ಸ್ವಿಚ್ಚಿನಂಥ ಒಂದು ಸ್ವಿಚ್ಚು.

"ಬದಲಿಸೋಣ" ಎಂದಳು ತಮ್ಮನ ಹೆಂಡತಿ. "ಬೇರಿಂಗ್ ಹಾಕಿಸಿ ಬಣ್ಣ ಬಳಿದರೆ ಇನ್ನೂ ಹತ್ತು ವರ್ಷ ಓಡುತ್ತದೆ. ಬಾಪ ಇದರಲ್ಲೇ ನಮ್ಮನ್ನು ಸಾಕಿದ್ದಲ್ಲವೇ?" ಎಂದ ತಮ್ಮ. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಹಳೆಯದನ್ನು ಸುಮ್ಮನೆ ಎಸೆದು ಹೊಸದಕ್ಕೆ ಹಾತೊರೆಯುವುದು ಇಸ್ರಾಫ್, ದುಂದುಗಾರಿಕೆ. ಆದರೆ ಪ್ರೀತಿಯ ಹೆಸರಿನಲ್ಲಿ ಅಪಾಯವನ್ನು ಮನೆಯಲ್ಲಿಟ್ಟುಕೊಳ್ಳುವುದೂ ಸರಿಯಲ್ಲ. ಸ್ವಂತ ಕೈಯಿಂದ ತನ್ನನ್ನು ನಾಶಕ್ಕೆ ತಳ್ಳಿಕೊಳ್ಳುವುದನ್ನು ಅಲ್ಲಾಹನು ಸೂರಃ ಅಲ್‌ಬಕರಃದಲ್ಲಿ ತಡೆದಿದ್ದಾನೆ. ಹಾಗಾದರೆ ತೀರ್ಮಾನಿಸುವುದು ಹೇಗೆ? "ಮೊದಲು ತಿಳಿದವರಲ್ಲಿ ಕೇಳೋಣ" ಎಂದೆ. ಮುಂದಿನ ಭಾನುವಾರ ಮೂವರೂ ಹೊರಟೆವು.

ಮೊದಲು ಹೋದದ್ದು ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಗುರುವಾಯನಕೆರೆಯ ಕಡೆಗೆ. ಅಲ್ಲಿ ನಮ್ಮ ತಂದೆಯವರ ಹಳೆಯ ಸ್ನೇಹಿತರಾದ ಒಬ್ಬ ಆಚಾರ್ರಿದ್ದಾರೆ. ಎಪ್ಪತ್ತು ದಾಟಿದ ವಯಸ್ಸು. ಎರಡೂ ಕೈಗಳಲ್ಲಿ ಹತ್ತು ಬೆರಳುಗಳೂ ಇವೆ. ಈ ಕಸುಬಿನಲ್ಲಿ ಅದೇ ದೊಡ್ಡ ಪ್ರಮಾಣಪತ್ರ ಎಂದು ಅವರೇ ನಕ್ಕರು.

ಅವರ ಯಂತ್ರ ತಮ್ಮನದಕ್ಕಿಂತಲೂ ಹಳೆಯದು. ಆದರೆ ನೋಡಿದಾಗಲೇ ವ್ಯತ್ಯಾಸ ತಿಳಿಯಿತು. ಬ್ಲೇಡಿನ ಹಿಂಭಾಗದಲ್ಲಿ, ಹಲ್ಲಿಗೆ ಒಂದು ಬೆರಳಿನಷ್ಟೂ ದೂರವಿಲ್ಲದೆ, ಬಾಗಿದ ಉಕ್ಕಿನ ಪಟ್ಟಿಯೊಂದು ನಿಂತಿತ್ತು. ಅದಕ್ಕೆ ರೈವಿಂಗ್ ನೈಫ್ ಎಂದು ಹೆಸರು. ಬ್ಲೇಡಿನ ಮೇಲೆ ಏರಿ ಇಳಿಯುವ ಮುಚ್ಚಳ, ಅಂದರೆ ಗಾರ್ಡ್.

"ಈ ಪಟ್ಟಿ ಏಕೆ ಆಚಾರ್ರೇ?" ಎಂದು ಕೇಳಿದೆ.

ಅವರು ಒಂದು ಹಲಗೆ ತುಂಡನ್ನು ತೋರಿಸಿ ವಿವರಿಸಿದರು. ಮರಕ್ಕೆ ಒಳಗೊಳಗೇ ಸೆಳೆತವಿರುತ್ತದೆ. ಗಾಳಿಯಲ್ಲಿ ಬಾಗಿ ಬೆಳೆದ ಮರ, ಸರಿಯಾಗಿ ಒಣಗದ ಮರ ಇವುಗಳಲ್ಲಿ ಅದು ಹೆಚ್ಚು. ಸೀಳಿದ ಕೂಡಲೇ ಎರಡು ಹೋಳುಗಳೂ ಮತ್ತೆ ಒಂದನ್ನೊಂದು ಕೂಡಲು ನೋಡುತ್ತವೆ. ಆಗ ಬ್ಲೇಡು ನಡುವೆ ಸಿಕ್ಕಿಕೊಳ್ಳುತ್ತದೆ. ಬ್ಲೇಡಿನ ಮುಂಭಾಗದ ಹಲ್ಲುಗಳು ಕೆಳಮುಖವಾಗಿ ಮರವನ್ನು ಮೇಜಿಗೆ ಒತ್ತುತ್ತವೆ. ಹಿಂಭಾಗದ ಹಲ್ಲುಗಳು ಮೇಲ್ಮುಖವಾಗಿ ಬರುತ್ತವೆ. ಆ ಹಿಂದಿನ ಹಲ್ಲುಗಳಿಗೆ ಮರ ಸಿಕ್ಕಿದರೆ ಅದನ್ನು ಎತ್ತಿ, ನಿಂತಿರುವವನತ್ತ ಎಸೆಯುತ್ತವೆ. ಉಕ್ಕಿನ ಪಟ್ಟಿ ಸೀಳಿನ ನಡುವೆ ನಿಂತು ಹೋಳುಗಳು ಕೂಡದಂತೆ ತಡೆಯುತ್ತದೆ. ಪಟ್ಟಿಯ ದಪ್ಪ ಬ್ಲೇಡಿನ ತಗಡಿಗಿಂತ ಸ್ವಲ್ಪ ಹೆಚ್ಚು, ಹಲ್ಲು ಕೊಯ್ಯುವ ಸೀಳಿಗಿಂತ ಸ್ವಲ್ಪ ಕಡಿಮೆ ಇರಬೇಕು. ಅಷ್ಟೇ ಲೆಕ್ಕ.

ನಾನು ಅಲ್ಲಿಯೇ ಇನ್ನೊಂದು ಲೆಕ್ಕ ಹಾಕಿದೆ. 12 ಇಂಚಿನ ಬ್ಲೇಡು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ಹಲ್ಲು ಸೆಕೆಂಡಿಗೆ ಸುಮಾರು 48 ಮೀಟರ್ ಓಡುತ್ತದೆ. ಅಂದರೆ ಗಂಟೆಗೆ 170 ಕಿಲೋಮೀಟರಿಗಿಂತ ಹೆಚ್ಚು. ಅಪಾಯ ಕಂಡು ಕೈ ಹಿಂದೆಗೆಯಲು ಮನುಷ್ಯನಿಗೆ ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಬ್ಲೇಡು ಹತ್ತು ಸುತ್ತು ಸುತ್ತಿರುತ್ತದೆ. "ನನಗೆ ಮೂವತ್ತು ವರ್ಷದ ಅನುಭವವಿದೆ, ನಾನು ಹುಷಾರಾಗಿರುತ್ತೇನೆ" ಎಂಬ ಮಾತಿಗೆ ಈ ಲೆಕ್ಕದ ಮುಂದೆ ಏನು ಬೆಲೆ? ಅನುಭವವು ಕೈಯನ್ನು ಬ್ಲೇಡಿನಿಂದ ದೂರವಿಡಲು ಕಲಿಸಬಹುದು. ಬ್ಲೇಡಿಗಿಂತ ವೇಗವಾಗಿ ಓಡಲು ಕಲಿಸಲಾರದು.

ನಿಮ್ಮ ಅಡುಗೆ ಮನೆಯ ಕುಕ್ಕರನ್ನೇ ನೋಡಿ. ಅದರ ಸೇಫ್ಟಿ ವಾಲ್ವು ಹತ್ತು ವರ್ಷದಲ್ಲಿ ಒಮ್ಮೆಯೂ ಕೆಲಸ ಮಾಡದಿರಬಹುದು. ಹಾಗೆಂದು ಅದನ್ನು ಕಿತ್ತು ಆ ತೂತಿಗೆ ಬೆಣೆ ಹೊಡೆಯುತ್ತೀರಾ? ರೈವಿಂಗ್ ನೈಫ್ ಮತ್ತು ಗಾರ್ಡ್ ಗರಗಸದ ಸೇಫ್ಟಿ ವಾಲ್ವು.

ಹಳೆಯ ಯಂತ್ರವನ್ನು ಉಳಿಸಿಕೊಳ್ಳಬಹುದೇ ಎಂದು ತಿಳಿಯಲು ಆಚಾರ್ರು ಐದು ಪರೀಕ್ಷೆಗಳನ್ನು ಹೇಳಿಕೊಟ್ಟರು. ನಿಮ್ಮ ಮನೆಯವರಿಗೆ ಓದಿ ಹೇಳಿ. ಎಲ್ಲವನ್ನೂ ಮಾಡುವ ಮೊದಲು ಕರೆಂಟು ಪೂರ್ತಿ ತೆಗೆದಿರಬೇಕು, ಫ್ಯೂಸು ಜೇಬಿನಲ್ಲಿರಬೇಕು ಎಂಬುದು ಅವರ ಕಟ್ಟಪ್ಪಣೆ.

ಒಂದನೆಯದು ಶಾಫ್ಟು. ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಅಲುಗಬಾರದು. ಬೇರಿಂಗ್ ಸವೆದಿದ್ದರೆ ಬದಲಿಸಬಹುದು. ಆದರೆ ಶಾಫ್ಟೇ ಬಾಗಿದ್ದರೆ, ಬೇರಿಂಗ್ ಕೂರುವ ಜಾಗ ಸವೆದಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಆ ಯಂತ್ರದ ಆಸೆ ಬಿಡಬೇಕು.

ಎರಡನೆಯದು ಮೇಜು. ಉಕ್ಕಿನ ಸ್ಕೇಲನ್ನು ಅಡ್ಡಲಾಗಿ ನಿಲ್ಲಿಸಿ ಅದರಡಿಯಲ್ಲಿ ಬೆಳಕು ಬರುತ್ತದೆಯೇ ನೋಡಬೇಕು. ಮೇಜು ನಡುವೆ ತಗ್ಗಿದ್ದರೆ ಹಲಗೆ ತೂಗಾಡುತ್ತದೆ, ತೂಗಾಡುವ ಹಲಗೆ ಬ್ಲೇಡಿಗೆ ಸಿಕ್ಕಿಕೊಳ್ಳುತ್ತದೆ.

ಮೂರನೆಯದು ಮರವನ್ನು ಒರಗಿಸಿ ತಳ್ಳುವ ಪಟ್ಟಿ, ಗೈಡ್. ಬ್ಲೇಡಿನ ಮುಂದಿನ ತುದಿಯಿಂದಲೂ ಹಿಂದಿನ ತುದಿಯಿಂದಲೂ ಅದರ ದೂರ ಒಂದೇ ಇರಬೇಕು. ಹಿಂದೆ ಕಿರಿದಾದರೆ ಮರ ಬ್ಲೇಡಿಗೆ ಒತ್ತುತ್ತದೆ. ಇದನ್ನು ಸರಿಪಡಿಸಬಹುದು, ಬೇಕಾದರೆ ಹೊಸ ಗೈಡ್ ಹಾಕಿಸಬಹುದು.

ನಾಲ್ಕನೆಯದು ರೈವಿಂಗ್ ನೈಫ್ ಮತ್ತು ಗಾರ್ಡ್ ಕೂರಿಸಲು ಜಾಗವಿದೆಯೇ ಎಂಬುದು. ನಮ್ಮ ಕಡೆಯ ಹಳೆಯ ಯಂತ್ರಗಳಲ್ಲಿ ಹಲವಕ್ಕೆ ಒಂದು ಅನುಕೂಲವಿದೆ. ಅವುಗಳಲ್ಲಿ ಬ್ಲೇಡು ಇದ್ದಲ್ಲೇ ಇರುತ್ತದೆ, ಮೇಜು ಏರಿ ಇಳಿಯುತ್ತದೆ. ಆದ್ದರಿಂದ ಉಕ್ಕಿನ ಪಟ್ಟಿಯನ್ನು ಮೇಜಿನ ಕೆಳಗಿನ ಚೌಕಟ್ಟಿಗೆ ಬೋಲ್ಟು ಹಾಕಿ ಭದ್ರ ಮಾಡಿದರೆ ಬ್ಲೇಡಿಗೂ ಅದಕ್ಕೂ ಇರುವ ಅಂತರ ಎಂದೂ ಬದಲಾಗದು. ಒಳ್ಳೆಯ ಲೇತ್ ಕೆಲಸದವನಿಗೆ ಇದು ಕಷ್ಟವಲ್ಲ.

ಐದನೆಯದು ಸ್ವಿಚ್ಚು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗುವುದು, ಬರುವುದು ಸಾಮಾನ್ಯ. ಕರೆಂಟು ಹೋದಾಗ ಕೆಲಸದವನು ಬ್ಲೇಡಿನ ಬಳಿ ಸಿಕ್ಕಿಕೊಂಡ ಚೂರನ್ನು ತೆಗೆಯುತ್ತಿರುತ್ತಾನೆ. ಸ್ವಿಚ್ಚು ಆನ್ ಇದೆಯೆಂಬುದು ಮರೆತಿರುತ್ತದೆ. ಕರೆಂಟು ಥಟ್ಟನೆ ಬಂದರೆ? ಸರಿಯಾದ ಸ್ಟಾರ್ಟರ್ ಇದ್ದರೆ ಕರೆಂಟು ಹೋದೊಡನೆ ಅದು ತಾನಾಗಿ ಬಿದ್ದುಬಿಡುತ್ತದೆ. ಮತ್ತೆ ಗುಂಡಿ ಒತ್ತುವವರೆಗೆ ಯಂತ್ರ ತಿರುಗುವುದಿಲ್ಲ. ನಿಲ್ಲಿಸುವ ಕೆಂಪು ಗುಂಡಿ ಮೊಣಕಾಲಿಗೂ ಎಟಕುವಂತಿರಬೇಕು, ಏಕೆಂದರೆ ಎರಡೂ ಕೈಗಳು ಮರದ ಮೇಲಿರುತ್ತವೆ. ಅರ್ಥಿಂಗ್ ಇರಲೇಬೇಕು.

"ಮೊದಲ ಎರಡರಲ್ಲಿ ದೊಡ್ಡ ದೋಷವಿದ್ದರೆ ಹೊಸದು ತನ್ನಿ. ಮೂರು ಮತ್ತು ಐದರಲ್ಲಿ ಮಾತ್ರ ದೋಷವಿದ್ದರೆ ಹಳೆಯದನ್ನೇ ಸುಧಾರಿಸಿ. ನಾಲ್ಕನೆಯದು ಸಾಧ್ಯವೇ ಇಲ್ಲವೆಂದಾದರೆ ಯಂತ್ರ ಎಷ್ಟೇ ಚೆನ್ನಾಗಿ ಓಡಲಿ, ನನ್ನ ಮಗನನ್ನು ಅದರ ಮುಂದೆ ನಿಲ್ಲಿಸಲಾರೆ" ಎಂದರು ಆಚಾರ್ರು. ಹೊರಡುವಾಗ ಇನ್ನೊಂದು ಮಾತು ಸೇರಿಸಿದರು. ಮೊಂಡು ಬ್ಲೇಡು ಹರಿತವಾದ ಬ್ಲೇಡಿಗಿಂತ ಅಪಾಯಕಾರಿ. ಸಾಗುವಾನಿಯಲ್ಲಿರುವ ಮರಳಿನಂಥ ಅಂಶ ಹಲ್ಲನ್ನು ಬೇಗ ಮೊಂಡಾಗಿಸುತ್ತದೆ, ಹಲಸಿನ ಮೇಣ ಅದಕ್ಕೆ ಅಂಟಿಕೊಳ್ಳುತ್ತದೆ. ಬ್ಲೇಡು ಕೊಯ್ಯದಿದ್ದಾಗ ಮನುಷ್ಯ ಬಲ ಹಾಕಿ ತಳ್ಳುತ್ತಾನೆ, ಬಲ ಹಾಕಿದ ಕೈ ಜಾರುತ್ತದೆ.

ಅಲ್ಲಿಂದ ವೇಣೂರಿನ ದಾರಿಯಾಗಿ ಮೂಡುಬಿದಿರೆಗೆ ಹೋದೆವು. ತಮ್ಮನ ಪರಿಚಯದ ಯುವಕನೊಬ್ಬ ಗಲ್ಫಿನಿಂದ ಮರಳಿ ಅಲ್ಲಿ ಪೀಠೋಪಕರಣದ ವರ್ಕ್‌ಶಾಪ್ ಹಾಕಿದ್ದಾನೆ. ಯಂತ್ರ ಹೊಸದು, ಬಣ್ಣ ಇನ್ನೂ ಮಾಸಿಲ್ಲ. ರೈವಿಂಗ್ ನೈಫ್, ಗಾರ್ಡ್, ಕೆಂಪು ಗುಂಡಿ ಎಲ್ಲವೂ ಯಂತ್ರದ ಜೊತೆಗೇ ಬಂದಿದ್ದವು. ತಮ್ಮನ ಹೆಂಡತಿಯ ಮುಖ ಅರಳಿತು. ಆದರೆ ಆ ಯುವಕ ಚಹಾದ ಲೋಟ ಎತ್ತಿದಾಗ ಅವನ ಎಡಗೈಯ ಕಿರುಬೆರಳು ಅರ್ಧಕ್ಕೇ ಮುಗಿದಿರುವುದು ಕಾಣಿಸಿತು.

ಅವನೇ ಹೇಳಿದ. "ಇದು ಹಳೆಯ ಯಂತ್ರದಲ್ಲಿ ಆದದ್ದಲ್ಲ. ಇದರಲ್ಲೇ ಆದದ್ದು. ತಂದು ಮೂರು ತಿಂಗಳಾಗಿತ್ತು. ಗೆರೆ ಸರಿಯಾಗಿ ಕಾಣುವುದಿಲ್ಲವೆಂದು ಗಾರ್ಡ್ ಬಿಚ್ಚಿ ಆ ಮೊಳೆಗೆ ನೇತುಹಾಕಿದ್ದೆ. ಬೆರಳು ಹೋದಾಗಲೂ ಅದು ಅಲ್ಲೇ ನೇತಾಡುತ್ತಿತ್ತು."

ನಾವು ಮೂವರೂ ಗೋಡೆಯ ಮೊಳೆಯನ್ನು ನೋಡಿದೆವು. ಈಗ ಅದರಲ್ಲಿ ಕ್ಯಾಲೆಂಡರ್ ಇದೆ.

ಬೆರಳು ತಾಗಿದರೆ ತಾನಾಗಿ ನಿಲ್ಲುವ ಗರಗಸವೂ ಇದೆಯೆಂದು ಆ ಯುವಕ ವಿಡಿಯೋ ತೋರಿಸಿದ. ಅಮೇರಿಕದ ಸ್ಟೀವ್ ಗ್ಯಾಸ್ ಎಂಬವರು 1999ರಲ್ಲಿ ಇದನ್ನು ರೂಪಿಸಿದರು. 2004ರಲ್ಲಿ ಸಾಸ್ಟಾಪ್ ಎಂಬ ಹೆಸರಿನಲ್ಲಿ ಅದರ ಮಾರಾಟ ಶುರುವಾಯಿತು. ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಚರ್ಮ ತಾಗಿದೊಡನೆ ಅದು ಬದಲಾಗಿ, ಅಲ್ಯೂಮಿನಿಯಂ ತುಂಡೊಂದು ಬ್ಲೇಡಿಗೆ ನುಗ್ಗಿ ಸೆಕೆಂಡಿನ ಇನ್ನೂರನೇ ಒಂದು ಭಾಗದೊಳಗೆ ಅದನ್ನು ನಿಲ್ಲಿಸುತ್ತದೆ. ಬೆರಳಿಗೆ ಗೀರಿನಷ್ಟು ಗಾಯ. ಆದರೆ ಒಮ್ಮೆ ಹಾಗೆ ನಿಂತರೆ ಆ ಬ್ರೇಕು ಮತ್ತೆ ಬಳಕೆಗೆ ಬರುವುದಿಲ್ಲ, ಸಾಮಾನ್ಯವಾಗಿ ಬ್ಲೇಡೂ ಹಾಳಾಗುತ್ತದೆ. ತೀರಾ ಹಸಿ ಮರ ಕೊಯ್ದರೂ ಅದು ಚರ್ಮವೆಂದು ತಿಳಿದು ನಿಂತುಬಿಡಬಹುದು. ನಮ್ಮ ಮಳೆಗಾಲದ ಮರಕ್ಕೆ ಅದು ತೊಡಕು. ಬೆಲೆಯೂ ನಮ್ಮ ಸಣ್ಣ ವರ್ಕ್‌ಶಾಪ್‌ಗಳ ಕೈಗೆ ಎಟಕುವಂಥದ್ದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮರ ಹಿಂದಕ್ಕೆ ಹಾರುವುದನ್ನು ಅದರ ಬ್ರೇಕು ತಡೆಯುವುದಿಲ್ಲ. ಅದಕ್ಕೆ ಅಲ್ಲಿಯೂ ರೈವಿಂಗ್ ನೈಫೇ ಬೇಕು.

ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಸ್ತ್ರೀಯರು ಸೇರಿ ಆನೆಯಾದ, ಐವರು ಸೇರಿ ಕುದುರೆಯಾದ ಕೆತ್ತನೆಗಳಿವೆ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಗಿನ ಕೆತ್ತನೆಯ ಕಂಬಗಳನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅವನ್ನು ಕೆತ್ತುವ ಕಾಲಕ್ಕೆ ನಮ್ಮಲ್ಲಿ ಮೋಟಾರೂ ಇರಲಿಲ್ಲ, ಬೆಲ್ಟೂ ಇರಲಿಲ್ಲ. ಆ ಬಡಗಿಗಳ ಆಸ್ತಿಯೆಲ್ಲ ಅವರ ಬೆರಳುಗಳೇ ಆಗಿತ್ತು.

ಸಿದ್ಧಕಟ್ಟೆಯ ದಾರಿಯಾಗಿ ಮರಳುವಾಗ ತಮ್ಮ, "ಒಂದು ಕಿರುಬೆರಳಿನ ಅರ್ಧ ತಾನೇ, ಅವನ ಕೆಲಸಕ್ಕೇನೂ ತೊಂದರೆಯಾಗಿಲ್ಲ" ಎಂದ. ಸಮಾಧಾನಕ್ಕೆ ಹೇಳಿದ್ದು. ಆದರೆ ನನಗೆ ಮದ್ರಸದಲ್ಲಿ ಓದಿದ ದಿಯತ್‌ನ ಪಾಠ ನೆನಪಾಯಿತು.

ಇಸ್ಲಾಮೀ ಫಿಕ್ಹ್‌ನಲ್ಲಿ ಜೀವಹಾನಿಗೆ ನೂರು ಒಂಟೆಗಳ ಪರಿಹಾರ. ಒಂದು ಬೆರಳಿಗೆ ಹತ್ತು ಒಂಟೆ. ಹೆಬ್ಬೆರಳೂ ಕಿರುಬೆರಳೂ ಸಮಾನವೆಂದು ಪ್ರವಾದಿ(ಸ)ಯವರು ಕಲಿಸಿದರೆಂದು ಇಬ್ನು ಅಬ್ಬಾಸ್(ರ)ರಿಂದ ವರದಿಯಾಗಿದೆ. ನಮ್ಮ ದೇಶದಲ್ಲಿ 1923ರಲ್ಲಿ ಬಂದ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿ ದುಡಿಯುವ ಸಾಮರ್ಥ್ಯವನ್ನು ಲೆಕ್ಕ ಹಾಕಿತು: ಹೆಬ್ಬೆರಳು ಹೋದರೆ ಶೇ. 30, ತೋರುಬೆರಳಿಗೆ ಶೇ. 14, ನಡುಬೆರಳಿಗೆ ಶೇ. 12, ಕಿರುಬೆರಳಿಗೆ ಶೇ. 7. ಪರಿಹಾರ ಕೊಡಲು ಕಾನೂನಿಗೆ ಒಂದು ಅಳತೆ ಬೇಕು, ಅದು ತಪ್ಪಲ್ಲ. ಆದರೆ ಕಿರುಬೆರಳಿನ ಬೆಲೆ ಶೇ. 7 ಎಂದು ಒಬ್ಬ ತಾಯಿ ಒಪ್ಪಿಯಾಳೇ? ಯಾವ ಬೆರಳನ್ನೂ ಚಿಲ್ಲರೆಯೆಂದು ಭಾವಿಸಬಾರದು ಎಂಬುದು ನನಗೆ ಆ ಪಾಠದಲ್ಲಿ ಕಂಡ ಮರ್ಮ.

"ಹತ್ತು ಒಂಟೆಯ ಬೆಲೆಯನ್ನು ಹೊಸ ಯಂತ್ರದ ಬೆಲೆಯ ಪಕ್ಕದಲ್ಲಿಟ್ಟು ನೋಡು" ಎಂದೆ. "ನಿನ್ನ ಜೊತೆಗಿರುವ ಹುಡುಗನ ಬೆರಳುಗಳನ್ನೂ ಸೇರಿಸು. ನೀನು ನಿನ್ನ ಕೈಯನ್ನು ಪಣಕ್ಕಿಡುವಾಗ ಅವನ ಉಮ್ಮನನ್ನು ಕೇಳಿದ್ದೀಯಾ?" ತಮ್ಮ ಮನೆ ತಲುಪುವವರೆಗೂ ಮಾತನಾಡಲಿಲ್ಲ.

ಮರುದಿನ ಅವನೇ ಐದು ಪರೀಕ್ಷೆಗಳನ್ನೂ ಮಾಡಿದ. ಬೇರಿಂಗ್ ಸವೆದಿತ್ತು, ಅದು ಸಣ್ಣ ವಿಷಯ. ಆದರೆ ಧೂಳು ಉಜ್ಜಿ ನೋಡಿದಾಗ ಬೇರಿಂಗ್ ಕೂರುವ ಕಬ್ಬಿಣದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಪ್ಲೇನರಿನ ಅಲಗು ಒಂದೇ ಶಾಫ್ಟಿನಲ್ಲಿದ್ದುದರಿಂದ ಗರಗಸ ಓಡಿಸುವಾಗಲೆಲ್ಲ ಅದೂ ತೆರೆದುಕೊಂಡು ತಿರುಗುತ್ತಿತ್ತು. ತೀರ್ಮಾನಕ್ಕೆ ಇನ್ನೇನು ಬೇಕು? ಆಚಾರ್ರ ಯಂತ್ರ ಹಳೆಯದಾದರೂ ಉಳಿಯಲು ಯೋಗ್ಯವಾಗಿತ್ತು. ತಮ್ಮನದು ಯೋಗ್ಯವಾಗಿರಲಿಲ್ಲ. ಬಾಪನ ನೆನಪು ಅವರ ಉಳಿ, ಕೊಡತಿಯಲ್ಲಿ ಉಳಿಯಲಿ ಎಂದುಕೊಂಡೆವು.

ಇನ್ನು ಹಣ. ರಿಪೇರಿಗೆ ಇಪ್ಪತ್ತೊಂದು ಸಾವಿರ ಎಂದಿದ್ದರು. ಹೊಸ ಗರಗಸ ಮೋಟಾರು ಸೇರಿ ತೊಂಬತ್ತು ಸಾವಿರ. ಬಳೆ ಅಡವಿಟ್ಟು ಸಾಲ ತರುವುದು ನಮ್ಮ ಕಡೆ ಎಲ್ಲರಿಗೂ ತಿಳಿದ ದಾರಿ. ಆ ದಾರಿಯಲ್ಲಿ ಬಡ್ಡಿಯಿದೆ. ಹಲಾಲ್ ದುಡಿಮೆಯ ಉಪಕರಣವನ್ನು ಬಡ್ಡಿಯ ಹಣದಲ್ಲಿ ತರುವುದೇ? ಬೇರೆ ದಾರಿಗಳನ್ನು ಹುಡುಕಿದೆವು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಸೇರಿದೆ. ಇದು ಜಾತಿಯನ್ನಲ್ಲ, ಕಸುಬನ್ನು ನೋಡುವ ಯೋಜನೆ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ ಮತ್ತು ಉಪಕರಣಗಳಿಗಾಗಿ 15,000 ರೂಪಾಯಿವರೆಗೆ ನೆರವು ಇದರಲ್ಲಿದೆ. ಈ ನೆರವು ಸಾಲವಲ್ಲ. ಅದರ ನಂತರ ಬರುವ 1 ಲಕ್ಷ ಮತ್ತು 2 ಲಕ್ಷ ರೂಪಾಯಿಗಳ ಸಾಲಕ್ಕೆ ಶೇ. 5 ಬಡ್ಡಿಯಿದೆ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ತಿಳಿದುಕೊಳ್ಳಿ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಗ್ರಾಮ ಪಂಚಾಯತ್‌ನಲ್ಲಿ ವಿಚಾರಿಸಿದರೆ ವಿವರ ಸಿಗುತ್ತದೆ. ಮಾರುವವರೊಡನೆ ಮೊದಲೇ ಒಂದು ಬೆಲೆ ನಿಗದಿ ಮಾಡಿ, ತಡವಾದರೆ ಏರುವುದಿಲ್ಲವೆಂಬ ಷರತ್ತಿನಲ್ಲಿ ಕಂತುಗಳಲ್ಲಿ ಕೊಡುವುದನ್ನು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಬಂಧುಗಳಲ್ಲಿ ಅನುಕೂಲವಿದ್ದವರು ಕರ್ಝ್ ಹಸನ್ ಕೊಟ್ಟರೆ ಅದು ದೊಡ್ಡ ಪುಣ್ಯ.

ಆದರೆ ತಮ್ಮನ ಮನೆಯ ಸಮಸ್ಯೆ ಬಗೆಹರಿದದ್ದು ಬೇರೆ ರೀತಿಯಲ್ಲಿ. "ನನ್ನ ಮಹ್ರ್‌ನ ಬಳೆಯನ್ನು ಅಡವಿಡುವುದಿಲ್ಲ. ಮಾರುತ್ತೇನೆ. ಆದರೆ ಹಣವನ್ನು ಸುಮ್ಮನೆ ಕೊಡುವುದಿಲ್ಲ, ಪಾಲುದಾರಳಾಗುತ್ತೇನೆ" ಎಂದಳು ತಮ್ಮನ ಹೆಂಡತಿ. ಅಡುಗೆ ಕೋಣೆಯಲ್ಲಿ ಮೆಲ್ಲನೆ ಮಾತನಾಡಿದ್ದ ಅದೇ ಹೆಣ್ಣು!

ಸಹೋದರಿಯರೇ, ಮಹ್ರ್ ಹೆಣ್ಣಿನ ಸ್ವಂತ ಸೊತ್ತು. ಗಂಡನಿಗೆ ಕಷ್ಟ ಬಂದಾಗ ಆಕೆ ಮನಸಾರೆ ಕೊಟ್ಟರೆ ಅದು ಔದಾರ್ಯ. ಕೇಳದೆ ತೆಗೆಯಲು ಯಾರಿಗೂ ಹಕ್ಕಿಲ್ಲ. ವ್ಯಾಪಾರದಲ್ಲಿ ತೊಡಗಿಸಿ ಲಾಭದ ಪಾಲು ಕೇಳಿದರೆ ಅದು ದುರಾಸೆಯೂ ಅಲ್ಲ. ಲೇವಾದೇವಿಯನ್ನು ಬರೆದಿಡಬೇಕೆಂದು ಕುರ್‌ಆನ್ ಕಲಿಸಿದೆ. ಗಂಡ ಹೆಂಡಿರ ನಡುವೆಯೂ ಬರವಣಿಗೆ ನಾಚಿಕೆಯ ವಿಷಯವಲ್ಲ. ಪ್ರವಾದಿ(ಸ)ಯವರಿಗೆ ಮಸೀದಿಯ ಮಿಂಬರನ್ನು ಮಾಡಿಸಿಕೊಟ್ಟವರು ಓರ್ವ ಅನ್ಸಾರಿ ಮಹಿಳೆ. ಅವರ ಸೇವಕ ಬಡಗಿಯಾಗಿದ್ದ, ಕಾಡಿನ ಮರ ತಂದು ಆ ಮೆಟ್ಟಿಲುಗಳನ್ನು ಮಾಡಿದ. ಮರದ ಕೆಲಸದ ತೀರ್ಮಾನದಲ್ಲಿ ಹೆಣ್ಣಿಗೆ ಪಾಲಿಲ್ಲವೆಂದು ನಾವೇಕೆ ಭಾವಿಸಬೇಕು? ಪ್ರವಾದಿ ಝಕರಿಯ್ಯಾ(ಅ)ರೂ ಬಡಗಿಯಾಗಿದ್ದರೆಂದು ಹದೀಸ್‌ನಲ್ಲಿದೆ. ಇದು ಗೌರವದ ಕಸುಬು.

ಹಳೆಯ ಯಂತ್ರಕ್ಕೆ ಗಿರಾಕಿಯೂ ಬಂದ. ಹೊಸದಾಗಿ ವರ್ಕ್‌ಶಾಪ್ ತೆರೆಯಲಿದ್ದ ಹುಡುಗ, ಇಪ್ಪತ್ತೈದು ಸಾವಿರ ಕೊಡಲು ಸಿದ್ಧನಿದ್ದ. ತಮ್ಮ ಒಂದು ರಾತ್ರಿ ಯೋಚಿಸಿದ. ದೋಷವನ್ನು ಮುಚ್ಚಿಟ್ಟು ಮಾರುವುದು ಹರಾಮ್ ಎಂದು ಅವನಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಬೆಳಿಗ್ಗೆ ಆ ಹುಡುಗನನ್ನು ಕರೆದು, ಟಾರ್ಚ್ ಹಾಕಿ ಬಿರುಕನ್ನು ತೋರಿಸಿದ. ಹುಡುಗ ಸಲಾಮ್ ಹೇಳಿ ಹೊರಟುಹೋದ. ಮೋಟಾರು ಮಾತ್ರ ಬೇರೆಯಾಗಿ ಮಾರಾಟವಾಯಿತು, ಉಳಿದದ್ದು ಗುಜರಿಗೆ ಹೋಯಿತು. ನಷ್ಟವಾಯಿತು ನಿಜ. ಆದರೆ ತನ್ನ ಹೊಟ್ಟೆಗೆ ಬಡಿದದ್ದನ್ನು ಇನ್ನೊಬ್ಬ ತಾಯಿಯ ಮಗನ ಎದೆಗೆ ಕಳಿಸಿದ ಭಾರ ಅವನ ಮೇಲಿಲ್ಲ.

ಹೊಸದು ಬರುವವರೆಗಿನ ಎರಡು ವಾರ ಸೀಳುವ ಕೆಲಸವನ್ನು ಮರದ ಮಿಲ್ಲಿಗೆ ಕೊಟ್ಟ. ತರುವ ಮೊದಲು ಅಂಗಡಿಯಲ್ಲೇ ಒಂದು ಹಲಗೆ ಕೊಯ್ಯಿಸಿ ನೋಡಿದ. ಧೂಳು ಹೊರಹೋಗುವ ಕೊಳವೆ ಇದೆಯೇ ಎಂದೂ ಕೇಳಿದ. ಮರದ ಧೂಳು ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ತೀರ್ಮಾನಿಸಿದೆ. ಮನೆಗೆ ತಾಗಿಯೇ ವರ್ಕ್‌ಶಾಪ್ ಇರುವವರು ಇದನ್ನು ಮರೆಯಬಾರದು. ಆ ಧೂಳಿನ ಬಟ್ಟೆಯನ್ನು ಒಗೆಯುವವರು ನೀವು, ಅದೇ ಅಂಗಳದಲ್ಲಿ ಆಡುವುದು ನಿಮ್ಮ ಮಕ್ಕಳು.

ಇನ್ನೊಂದು ವಿಷಯವನ್ನು ಪ್ರತಿಯೊಬ್ಬ ಮನೆಯಾಕೆಯೂ ತಿಳಿದಿರಬೇಕು. ಅಲ್ಲಾಹನು ಕಾಪಾಡಲಿ, ಎಂದಾದರೂ ಬೆರಳು ತುಂಡಾದರೆ ಗಾಯಕ್ಕೆ ಶುದ್ಧ ಬಟ್ಟೆ ಒತ್ತಿ ಹಿಡಿದು ಕೈಯನ್ನು ಮೇಲೆತ್ತಬೇಕು. ತುಂಡಾದ ಭಾಗವನ್ನು ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಐಸ್ ಬೆರೆಸಿದ ನೀರಿನಲ್ಲಿಡಬೇಕು. ಐಸ್ ನೇರವಾಗಿ ತಾಗಬಾರದು, ಅರಿಶಿನ, ಚಹಾಪುಡಿ ಏನನ್ನೂ ಹಾಕಬಾರದು. ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್ ಇದೆ. ಹೊರಡುವಾಗಲೇ ಆಸ್ಪತ್ರೆಗೆ ಫೋನ್ ಮಾಡಿ ಬೆರಳು ಜೋಡಿಸುವ ವ್ಯವಸ್ಥೆ ಇದೆಯೇ ಎಂದು ಕೇಳಿ.

ಕೊನೆಗೆ ಆ ಪಾಲುದಾರಿಕೆಯ ಕಾಗದದ ಬಗ್ಗೆ. ಒಂದು ಪುಟ ಮಾತ್ರ. ಯಾರ ಹಣ ಎಷ್ಟು, ಲಾಭದಲ್ಲಿ ಯಾರ ಪಾಲು ಎಷ್ಟು, ನಷ್ಟವಾದರೆ ಹೇಗೆ ಎಂಬುದನ್ನೆಲ್ಲ ನಾನೇ ಬರೆದುಕೊಟ್ಟೆ. ಸಹಿ ಹಾಕುವ ಮೊದಲು ತಮ್ಮನ ಹೆಂಡತಿ ಪೆನ್ನು ತೆಗೆದುಕೊಂಡು ಕೆಳಗೆ ತಾನೇ ಒಂದು ಸಾಲು ಸೇರಿಸಿದಳು: ಗಾರ್ಡ್ ಬಿಚ್ಚಿ ಮೊಳೆಗೆ ನೇತುಹಾಕಿದ ದಿನ ಈ ಪಾಲುದಾರಿಕೆ ಮುಗಿಯಿತು.

ತಮ್ಮ ನಗುತ್ತಲೇ ಸಹಿ ಹಾಕಿದ. ಆಕೆ ನಗಲಿಲ್ಲ. ಈಗ ದಿನಕ್ಕೊಮ್ಮೆ ಚಹಾ ಕೊಡುವ ನೆಪದಲ್ಲಿ ವರ್ಕ್‌ಶಾಪಿಗೆ ಹೋಗಿ ಗಾರ್ಡ್ ಇದ್ದಲ್ಲೇ ಇದೆಯೇ ಎಂದು ನೋಡಿ ಬರುತ್ತಾಳೆ.

ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನಲ್ಲಿ ಭರವಸೆಯಿಡಲು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು ನಾವು. ನಿಮ್ಮ ಮನೆಯಲ್ಲೂ ಇಂಥ ಯಂತ್ರವಿದ್ದರೆ ನಾಳೆ ಬೆಳಿಗ್ಗೆ ಚಹಾದ ಲೋಟ ಹಿಡಿದು ಒಮ್ಮೆ ಹೋಗಿ ನೋಡಿ. ಬ್ಲೇಡಿನ ಹಿಂದೆ ಉಕ್ಕಿನ ಪಟ್ಟಿಯಿದೆಯೇ? ಗಾರ್ಡ್ ಯಂತ್ರದ ಮೇಲಿದೆಯೇ, ಗೋಡೆಯ ಮೇಲಿದೆಯೇ? ಉತ್ತರ ಸಿಕ್ಕಿದ ಮೇಲೆ ರಿಪೇರಿಯೋ, ಹೊಸದೋ ಎಂಬ ಮಾತಿಗೆ ಕೂತುಕೊಳ್ಳಿ. ಚಹಾ ಕೊಟ್ಟು ಒಳಗೆ ಹೋಗಬೇಡಿ.

ದುಡಿಯುವ ಎಲ್ಲ ಕೈಗಳನ್ನೂ ಅಲ್ಲಾಹನು ಕಾಪಾಡಲಿ. ಆಮೀನ್.